ಕಟಕಟೆಯಲ್ಲಿ ಮಾತು ನಿಂತಾಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕೋರ್ಟು ಕೆಲಸ ಮಾಡುವ ವಕೀಲರು, ಗುಮಾಸ್ತರು, ಪೊಲೀಸರು, ಜವಾನರು ಇದನ್ನು ಕಂಡೇ ಇರುತ್ತೀರಿ. ಅತ್ಯಾಚಾರಕ್ಕೋ ಹಲ್ಲೆಗೋ ಒಳಗಾದ ಹೆಣ್ಣುಮಗಳು ಕಟಕಟೆ ಏರಿದೊಡನೆ ನಡುಗುತ್ತಾಳೆ, ಮಾತು ನಿಲ್ಲುತ್ತದೆ, ವೇಳೆ-ವಾರ ತಪ್ಪುತ್ತದೆ. ‘ಸುಳ್ಳು ಹೇಳುತ್ತಿದ್ದಾಳೆ’ ಎನ್ನುವ ಮೊದಲು ಆಕೆಯ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ತಿಳಿಯಿರಿ.

ಪ್ರಾಣಭಯವಾದಾಗ ಅಡ್ರಿನಾಲಿನ್ ಮುಂತಾದ ಹಾರ್ಮೋನುಗಳು ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ. ಅಂಥ ಹೊತ್ತಿನಲ್ಲಿ ಮಿದುಳು ಎಲ್ಲವನ್ನೂ ಕ್ರಮವಾಗಿ ದಾಖಲಿಸಿಕೊಳ್ಳಲಾರದು. ಒಂದು ವಾಸನೆ, ಬಾಗಿಲ ಚಿಲಕದ ಸದ್ದು ಅಚ್ಚೊತ್ತಿದಂತೆ ಉಳಿಯಬಹುದು. ಯಾವುದು ಮೊದಲು, ಯಾವುದು ನಂತರ ಎಂಬುದು ಕಲಸಿಹೋಗಬಹುದು. ಆರೋಪಿಯನ್ನು ಎದುರು ಕಂಡಾಗ ಅದೇ ಭಯ ಮರುಕಳಿಸುತ್ತದೆ. ಗದರಿದರೆ ನೆನಪು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ತಡವರಿಸಿದ ಮಾತೆಲ್ಲ ಸತ್ಯವೆಂದಲ್ಲ. ತಡವರಿಕೆಯೊಂದೇ ಸುಳ್ಳಿನ ಗುರುತಲ್ಲ, ಅಷ್ಟೆ.

ಕಾನೂನು ಇದನ್ನು ಒಪ್ಪಿದೆ. ಲೈಂಗಿಕ ಅಪರಾಧದ ವಿಚಾರಣೆಯಲ್ಲಿ ಸಾಕ್ಷಿಗೆ ಆರೋಪಿ ಕಾಣದಂತೆ ಪರದೆ ಹಾಕಬೇಕು, ಸಾಕಷ್ಟು ಬಿಡುವು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. 2012ರ ಪೋಕ್ಸೋ ಕಾಯ್ದೆಯಂತೆ ಮಗುವಿಗೆ ವಕೀಲರು ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವನ್ನು ಪದೇ ಪದೇ ಕರೆಸುವಂತಿಲ್ಲ.

ನೀವು ಮಾಡಬಹುದಾದದ್ದು:

1. ಆರೋಪಿಯ ಕಡೆಯವರಿಂದ ದೂರ, ಬೇರೆ ಕಡೆ ಸಾಕ್ಷಿಯನ್ನು ಕೂರಿಸಿ.

2. ಯಾರು ಎಲ್ಲಿ ಕೂರುತ್ತಾರೆ, ಯಾರು ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಮೊದಲೇ ತಿಳಿಸಿ. ತಿಳಿದದ್ದಕ್ಕೆ ಹೆದರಿಕೆ ಕಡಿಮೆ.

3. ಒಂದು ಸಲಕ್ಕೆ ಒಂದೇ ಪ್ರಶ್ನೆ, ಸರಳ ಮಾತಿನಲ್ಲಿ. ಉತ್ತರಕ್ಕೆ ಸಮಯ ಕೊಡಿ.

4. ಇದು ಗಡಿಭಾಗ. ಹಲವರ ಮನೆಮಾತು ಮರಾಠಿ. ದುಃಖ ಬಾಯಿಗೆ ಬರುವುದು ಮನೆಮಾತಿನಲ್ಲಿಯೇ. ಕನ್ನಡ ತಡವರಿಸಿದರೆ ದುಭಾಷಿ ಬೇಕೆಂದು ನ್ಯಾಯಾಧೀಶರ ಗಮನಕ್ಕೆ ತನ್ನಿ.

5. ಉಸಿರು ಕಟ್ಟಿದಂತಾದರೆ ಬಿಡುವು ಕೇಳಿ. ಕೂರಿಸಿ, ನೀರು ಕೊಡಿ, ಪಾದ ನೆಲಕ್ಕೂರಿ ನಿಧಾನ ಉಸಿರಾಡಲು ಹೇಳಿ. ಒಪ್ಪಿಗೆ ಇಲ್ಲದೆ ಮೈಮುಟ್ಟಬೇಡಿ. ಆ ಹೊತ್ತಿನಲ್ಲಿ ಸಾಕ್ಷ್ಯದ ಮಾತೆತ್ತಬೇಡಿ.

6. ಮುಂದಿನ ತಾರೀಖು ಬಿದ್ದರೆ ಕಾರಣ ತಿಳಿಸಿ. ಕೂಲಿ ಬಿಟ್ಟು ಬಂದವಳಿಗೆ ಪ್ರತಿ ಅಲೆದಾಟವೂ ಮತ್ತೊಂದು ಪೆಟ್ಟು.

ದಿನವೂ ಇಂಥ ಕಥೆಗಳನ್ನು ಕೇಳುವ, ಬರೆದುಕೊಳ್ಳುವ ನಿಮ್ಮನ್ನೂ ಅವು ತಟ್ಟದೆ ಬಿಡವು. ನಿದ್ದೆಗೇಡು, ಸಿಡುಕು, ಕೆಟ್ಟ ಕನಸು ವಾರಗಟ್ಟಲೆ ಕಾಡಿದರೆ ವೈದ್ಯರನ್ನು ಕಾಣಿ. ‘ಟೆಲಿ ಮಾನಸ್’ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸಾಕ್ಷಿಗೂ ಈ ಸಂಖ್ಯೆ ಬರೆದುಕೊಡಿ.