ಚಿಪ್ ಬದಲಾದರೆ ಪಂಪ್‌ಸೆಟ್ ಗತಿಯೇನು?

ರಾಮನಾಥಪುರದ ಕಾವೇರಿ ತೀರದ ಗದ್ದೆಯಿರಲಿ, ಬಯಲುಸೀಮೆಯ ತೋಟವಿರಲಿ, ಮೊಬೈಲ್ ಕರೆಗೆ ಓಗೊಟ್ಟು ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರ್ ಇಂದು ರೈತರಿಗೆ ಹೊಸತಲ್ಲ. ಅದರ ಮೆದುಳು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್. ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್.

2021ರ ಜಾಗತಿಕ ಚಿಪ್ ಅಭಾವದಲ್ಲಿ ಎಸ್‌ಟಿಎಂ32ಎಫ್103 ಎಂಬ ಜನಪ್ರಿಯ ಚಿಪ್ ದುರ್ಲಭವಾಯಿತು. ಆಗ ಹಲವು ತಯಾರಕರು ಅದೇ ಜಾಗದಲ್ಲಿ ಕೂರಬಲ್ಲ ಚೀನಾದ ಜಿಡಿ32ಎಫ್103ರತ್ತ ಹೊರಳಿದರು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಗರಿಷ್ಠ ವೇಗ ಮೊದಲನೆಯದಕ್ಕೆ 72 ಮೆಗಾಹರ್ಟ್ಸ್, ಎರಡನೆಯದಕ್ಕೆ 108.

ಅಪಾಯವಿರುವುದು ಇಲ್ಲಿಯೇ. ಕಾಯುವ ಅವಧಿಯನ್ನು ಖಾಲಿ ಎಣಿಕೆಯಿಂದ ಅಳೆದಿದ್ದರೆ, ಪೂರ್ಣ ವೇಗದಲ್ಲಿ 9 ಸೆಕೆಂಡು 6ಕ್ಕೆ ಕುಗ್ಗುತ್ತದೆ. ವೇಗ ಪಡೆಯುವ ಮುನ್ನವೇ ಸ್ಟಾರ್‌ನಿಂದ ಡೆಲ್ಟಾಗೆ ಬದಲಾದ ಮೋಟಾರ್ ಅತಿಯಾದ ಕರೆಂಟ್ ಎಳೆಯುತ್ತದೆ. ಪದೇ ಪದೇ ಹೀಗಾದರೆ ವೈಂಡಿಂಗ್ ಸುಟ್ಟೀತು.

ಆದ್ದರಿಂದ ಅವಧಿಯನ್ನು ಚಿಪ್‌ನೊಳಗಿನ ಟೈಮರ್‌ನಿಂದಲೇ ಅಳೆದು, ಟೈಮರನ್ನು ಹೊಸ ವೇಗಕ್ಕೆ ಹೊಂದಿಸಬೇಕು. ಚಿಪ್‌ಗೆ ಅಂಟಿದ ಭಾಗವನ್ನು ಪ್ರತ್ಯೇಕವಾಗಿ ಬರೆದಿದ್ದರೆ ಉಳಿದದ್ದನ್ನು ಮುಟ್ಟಬೇಕಿಲ್ಲ. ವೋಲ್ಟೇಜ್ ಅಳತೆಯನ್ನೂ ಮರುಪರೀಕ್ಷಿಸಬೇಕು. ಮೋಟಾರ್‌ಗೆ ಮುನ್ನ ಬಲ್ಬ್ ಜೋಡಿಸಿ ನೋಡುವುದು ಲೇಸು. ತಂತ್ರಾಂಶ ಕಂಪೈಲ್ ಆದ ಮಾತ್ರಕ್ಕೆ ರೈತನ ಮೋಟಾರ್ ಸುರಕ್ಷಿತವೆಂದಲ್ಲ.