ಆರ್ಥಿಕ ಪ್ರಗತಿಯ ಮಂದಗತಿಯೂ ಸರಕಾರದ ನೀತಿಯೂ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಂದು ಸಂಸಾರಕ್ಕೆ ಇದು ಒಪ್ಪತಕ್ಕ ಮಾತೇ ಸರಿ. ಆದರೆ ದೇಶದ ಜನರೆಲ್ಲರೂ ಒಂದೇ ಕಾಲದಲ್ಲಿ ಕೈ ಬಿಗಿಹಿಡಿದರೆ ಆಗುವುದೇನು? ಅಂಥ ಸಮಯದಲ್ಲಿ ಸರಕಾರವೂ ಹಾಗೆಯೇ ನಡೆಯಬೇಕೆ? 2016ರಿಂದ 2020ರ ವರೆಗೆ ನಮ್ಮ ದೇಶದಲ್ಲಿ ನಡೆದ ಸಂಗತಿಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಒಂದು ವರ್ಷದಲ್ಲಿ ದೇಶದ ಹೊಲ, ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ಹುಟ್ಟುವ ಸರಕು ಮತ್ತು ಸೇವೆಗಳ ಒಟ್ಟು ಬೆಲೆಯನ್ನು ಒಟ್ಟು ದೇಶೀಯ ಉತ್ಪನ್ನವೆಂದು ಕರೆಯುತ್ತಾರೆ. ಬೆಲೆಯೇರಿಕೆಯನ್ನು ಕಳೆದ ಮೇಲೆ ಇದು ಹಿಂದಿನ ವರ್ಷಕ್ಕಿಂತ ನೂರಕ್ಕೆ ಎಷ್ಟು ಹೆಚ್ಚಿತು ಎಂಬುದೇ ಬೆಳವಣಿಗೆಯ ದರ. ದರ ಕುಗ್ಗಿತೆಂದರೆ ಉತ್ಪನ್ನವೇ ಕುಗ್ಗಿತೆಂದು ಅರ್ಥವಲ್ಲ. ಬಂಡಿ ಮುಂದಕ್ಕೇ ಸಾಗುತ್ತಿದೆ, ಆದರೆ ನಿಧಾನವಾಗಿ ಎಂದು ತಿಳಿಯಬೇಕು.

ನಿಧಾನವಾದರೆ ನಷ್ಟವೇನು ಎಂದು ವಿದ್ಯಾರ್ಥಿಗಳು ಕೇಳಬಹುದು. 72ನ್ನು ಬೆಳವಣಿಗೆಯ ದರದಿಂದ ಭಾಗಿಸಿದರೆ ಉತ್ಪನ್ನ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸ್ಥೂಲವಾಗಿ ದೊರೆಯುತ್ತವೆ. ದರ 8 ಇದ್ದಲ್ಲಿ 9 ವರ್ಷ. 4 ಇದ್ದಲ್ಲಿ 18 ವರ್ಷ. ಎಂದರೆ, ಇಂದು ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಆಗಬಹುದಾದ ಕಾರ್ಯವು, ಅದೇ ಮಗು ಓದು ಮುಗಿಸಿ ಉದ್ಯೋಗ ಹುಡುಕುವ ವಯಸ್ಸಿಗೆ ಬಂದಾಗ ಆಗುತ್ತದೆ. ಶ್ರೀಮಂತ ರಾಷ್ಟ್ರಗಳು ಈ ವಿಳಂಬವನ್ನು ಸಹಿಸಬಲ್ಲವು. ಪ್ರತಿವರ್ಷ ಲಕ್ಷಾಂತರ ತರುಣರು ಕೆಲಸಕ್ಕಾಗಿ ಹೊರಬೀಳುವ ಅಭಿವೃದ್ಧಿಶೀಲ ರಾಷ್ಟ್ರಕ್ಕೆ ಇದು ಸಾಮಾನ್ಯವಾದ ತೊಂದರೆಯಲ್ಲ.

2016-17ರಲ್ಲಿ ನಮ್ಮ ದೇಶದ ಬೆಳವಣಿಗೆಯ ದರ, 2011-12ರ ಬೆಲೆಗಳನ್ನು ಆಧಾರವಾಗಿರಿಸಿಕೊಂಡ ಲೆಕ್ಕದಂತೆ, ನೂರಕ್ಕೆ 8ಕ್ಕೂ ಮೇಲಿತ್ತು. ಮುಂದಿನ ಎರಡು ವರ್ಷಗಳಲ್ಲಿ ಅದು 7ಕ್ಕಿಂತ ಕೆಳಗೆ ಬಂದು, 2019-20ರಲ್ಲಿ ಸುಮಾರು 4ಕ್ಕೆ ಇಳಿಯಿತು. ಅದೇ ವರ್ಷ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷಕ್ಕಿಂತ ನೂರಕ್ಕೆ ಸುಮಾರು 18ರಷ್ಟು ಕುಸಿಯಿತು.

ಇದಕ್ಕೆ ಕಾರಣ ಒಂದೇ ಅಲ್ಲ. ದೊಡ್ಡ ಉದ್ಯಮಗಳಿಗೆ ಕೊಟ್ಟ ಸಾಲ ಮರಳದೆ ಬ್ಯಾಂಕುಗಳು ಮೊದಲೇ ಬಳಲಿದ್ದವು. 2018ರ ಮಾರ್ಚಿಯಲ್ಲಿ ಅವುಗಳ ಸಾಲದಲ್ಲಿ ನೂರಕ್ಕೆ ಸುಮಾರು 11 ಪಾಲು ವಸೂಲಾಗದ ಸಾಲವಾಗಿತ್ತು. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಇವು ನೂರಕ್ಕೆ 86ರಷ್ಟಿದ್ದುದರಿಂದ ರೊಕ್ಕದ ವ್ಯವಹಾರವನ್ನೇ ನಂಬಿದ ಸಣ್ಣ ವ್ಯಾಪಾರಿಗಳಿಗೂ ಕೂಲಿಕಾರರಿಗೂ ಪೆಟ್ಟು ಬಿದ್ದಿತು. ಕೆಲವೇ ದಿನಗಳಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆಯ ನೋಟುಗಳನ್ನು ಸ್ವೀಕರಿಸಬಾರದೆಂಬ ಆಜ್ಞೆಯೂ ಹೊರಟುದರಿಂದ, ಸಹಕಾರಿ ಸಂಘಗಳ ಬಳಕೆ ಹೆಚ್ಚಾಗಿರುವ ನಮ್ಮ ಕೇರಳದಲ್ಲಿ ಕಷ್ಟ ಇಮ್ಮಡಿಸಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. ದೇಶಕ್ಕೆಲ್ಲ ಒಂದೇ ಬಗೆಯ ತೆರಿಗೆ ಎಂಬ ಉದ್ದೇಶ ಒಳ್ಳೆಯದಾದರೂ ಹೊಸ ಪದ್ಧತಿಯ ಲೆಕ್ಕಪತ್ರಗಳಿಗೆ ಹೊಂದಿಕೊಳ್ಳಲು ಸಣ್ಣ ಉದ್ಯಮಗಳು ತಿಣುಕಿದವು. 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಎಂಬ ದೊಡ್ಡ ಹಣಕಾಸು ಸಂಸ್ಥೆ ತನ್ನ ಸಾಲ ತೀರಿಸಲಾರದೆ ಹೋದಾಗ ಅಂಥ ಇತರ ಸಂಸ್ಥೆಗಳಿಗೂ ಹಣ ದೊರೆಯುವುದು ಕಷ್ಟವಾಯಿತು. ವಾಹನ, ಮನೆಗಳಿಗೆ ಸಿಗುತ್ತಿದ್ದ ಸಾಲ ಬಿಗಿಯಾಯಿತು.

ಇಂಥ ಪೆಟ್ಟು ಒಂದು ಕಡೆ ಬಿದ್ದರೆ ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಕಾಸರಗೋಡಿನ ಕಡೆಯ ಒಬ್ಬ ಅಡಿಕೆ ಬೆಳೆಗಾರನು ವರಮಾನ ಕಡಿಮೆಯಾಯಿತೆಂದು ಮನೆಯ ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳಿದನೆನ್ನಿ. ಗಾರೆಯವನಿಗೆ ಕೂಲಿ ತಪ್ಪುತ್ತದೆ. ಅವನು ಜಿನಸಿನ ಅಂಗಡಿಯಲ್ಲಿ ಕೊಳ್ಳುವುದನ್ನು ಕಡಿಮೆ ಮಾಡುತ್ತಾನೆ. ಅಂಗಡಿಯವನು ಸರಕು ತರಿಸುವುದನ್ನು ಇಳಿಸುತ್ತಾನೆ. ದೂರದ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೆ ರಜೆ ಕೊಡುತ್ತಾರೆ. ಇವರಲ್ಲಿ ಯಾರದೂ ತಪ್ಪಿಲ್ಲ. ಎಲ್ಲರೂ ಗಾದೆಯಂತೆಯೇ ನಡೆದರು. ಆದರೂ ಒಬ್ಬನ ಖರ್ಚೇ ಮತ್ತೊಬ್ಬನ ವರಮಾನವಾದುದರಿಂದ ಎಲ್ಲರ ಹಾಸಿಗೆಯೂ ಚಿಕ್ಕದಾಯಿತು.

ಆಗ ಸರಕಾರದ ಬಳಿ ಎರಡು ಮುಖ್ಯ ಸಾಧನಗಳಿವೆ. ಒಂದು ಹಣದ ನೀತಿ, ಅಂದರೆ ಬಡ್ಡಿಯ ದರವನ್ನು ಇಳಿಸುವುದು. ಇದು ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ. ಇನ್ನೊಂದು ಆಯವ್ಯಯದ ನೀತಿ, ಅಂದರೆ ತೆರಿಗೆ ಇಳಿಸುವುದು ಅಥವಾ ಖರ್ಚು ಹೆಚ್ಚಿಸುವುದು. 2019ರಲ್ಲಿ ಎರಡನ್ನೂ ಪ್ರಯೋಗಿಸಲಾಯಿತು. ಫೆಬ್ರವರಿಯಿಂದ ಅಕ್ಟೋಬರದೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು ಐದು ಸಲ ಇಳಿಸಿ 6.5ರಿಂದ 5.15ಕ್ಕೆ ತಂದಿತು. ಆದರೆ ಬಳಲಿದ ಬ್ಯಾಂಕುಗಳು ಸಾಲಗಾರರಿಗೆ ಅಷ್ಟನ್ನು ಬೇಗನೆ ಇಳಿಸಿಕೊಡಲಿಲ್ಲ. ತೂಬನ್ನು ಎತ್ತಿದರೂ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆಗೆ ನೀರು ಹರಿಯದಂತೆ. ಸಣ್ಣ ರೈತರಿಗೆ ವರ್ಷಕ್ಕೆ 6000 ರೂಪಾಯಿ ಕೊಡುವ ಯೋಜನೆ ಆ ವರ್ಷವೇ ಪ್ರಕಟವಾಗಿ, ಬಳಿಕ ಇತರ ಭೂಹಿಡುವಳಿದಾರ ರೈತರಿಗೂ ವಿಸ್ತರಿಸಿತು. ಸೆಪ್ಟೆಂಬರ್ 20ರಂದು ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳ ಆದಾಯ ತೆರಿಗೆಯನ್ನು ನೂರಕ್ಕೆ 22ಕ್ಕೆ ಇಳಿಸಲಾಯಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗುವುದೆಂದು ಸರಕಾರವೇ ಅಂದಾಜು ಮಾಡಿತ್ತು.

ಈ ಕೊನೆಯ ಕ್ರಮದ ಬಗೆಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಕಂಪೆನಿಗಳ ಲಾಭ ಹೆಚ್ಚಿದರೆ ಹೊಸ ಕಾರ್ಖಾನೆಗಳು ಏಳುವವು, ಹೊರದೇಶದ ಬಂಡವಾಳ ಬರುವುದು ಎಂದು ಒಂದು ಪಕ್ಷ. ಕೊಳ್ಳುವವರಿಲ್ಲದೆ ಈಗಿರುವ ಯಂತ್ರಗಳೇ ಅರೆಹೊತ್ತು ನಿಂತಿರುವಾಗ ಹೊಸ ಯಂತ್ರವನ್ನು ಯಾರು ತರುತ್ತಾರೆ, ಆ ಹಣ ಹಳ್ಳಿಯ ಕೂಲಿಕಾರನ ಕೈಗೆ ಸೇರಿದ್ದರೆ ಮರುದಿನವೇ ಸಂತೆಗೆ ಬರುತ್ತಿತ್ತು ಎಂದು ಇನ್ನೊಂದು ಪಕ್ಷ. ಮೊದಲನೆಯದು ದೀರ್ಘಕಾಲಕ್ಕೆ ಸಲ್ಲುವ ಮಾತು. ಆ ವರ್ಷದ ರೋಗಕ್ಕೆ ಎರಡನೆಯದೇ ಹತ್ತಿರದ ಮದ್ದೆಂದು ನನಗೆ ತೋರುತ್ತದೆ. ಇವುಗಳಲ್ಲಿ ಯಾವುದು ಸರಿಯೆಂದು ಒರೆಹಚ್ಚಿ ನೋಡುವ ಮೊದಲೇ 2020ರ ಮಹಾಮಾರಿ ಬಂದು, 2020-21ರಲ್ಲಿ ಉತ್ಪನ್ನವು ನಿಜವಾಗಿಯೇ ನೂರಕ್ಕೆ ಸುಮಾರು 6ರಷ್ಟು ಕುಗ್ಗಿತು. ಆಗ ಸುಮಾರು 80 ಕೋಟಿ ಜನರಿಗೆ ಉಚಿತ ಧಾನ್ಯ ಹಂಚಲಾಯಿತು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಆ ವರ್ಷ 1 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ವೆಚ್ಚವಾಯಿತು.

ಹಾಗಾದರೆ ಸರಕಾರ ಮನಸ್ಸು ಬಂದಷ್ಟು ಸಾಲಮಾಡಿ ಖರ್ಚು ಮಾಡಬಹುದೆ? ಅದೂ ಸಲ್ಲದು. 2019-20ರಲ್ಲಿ ಕೇಂದ್ರ ಸರಕಾರದ ಕೊರತೆ ದೇಶದ ಉತ್ಪನ್ನದ ನೂರಕ್ಕೆ 3.3ರೊಳಗಿರಬೇಕೆಂದು ಗೊತ್ತುಮಾಡಿದ್ದರೂ ಅದು 4.6ಕ್ಕೆ ಏರಿತು. ಸಾಲದ ಬಡ್ಡಿಯನ್ನು ಮುಂದಿನ ಪೀಳಿಗೆಯೇ ತೆರಬೇಕು. ಆದುದರಿಂದ ಸರಕಾರವು ಜನರು ಕೈ ಬಿಗಿಹಿಡಿದಾಗ ತಾನು ಸಡಿಲಿಸಬೇಕು. ಸುಭಿಕ್ಷದ ಕಾಲದಲ್ಲಿ ತಾನು ಬಿಗಿಹಿಡಿಯಬೇಕು. ಎರಡನೆಯದನ್ನು ಮರೆತ ಸರಕಾರಕ್ಕೆ ಮೊದಲನೆಯದನ್ನು ಮಾಡುವ ಶಕ್ತಿ ಉಳಿಯುವುದಿಲ್ಲ.

ಪತ್ರಿಕೆಯಲ್ಲಿ ಹೊಸ ನೀತಿಯೊಂದರ ಸುದ್ದಿಯನ್ನು ಓದಿದಾಗ ಮನೆಯಲ್ಲಿ ತಂದೆತಾಯಿಗಳೂ ಮಕ್ಕಳೂ ಕೂಡಿ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ: ಈ ಹಣ ಯಾರ ಕೈಗೆ ಸೇರುತ್ತದೆ? ಅದು ಎಷ್ಟು ಬೇಗ ಪೇಟೆಗೆ ಇಳಿಯುತ್ತದೆ? ಅದನ್ನು ಕೊನೆಗೆ ತೆರುವವರು ಯಾರು? ಈ ಮೂರಕ್ಕೂ ಉತ್ತರ ಹುಡುಕಿದವರು ಹೊಗಳಿಕೆಗೂ ತೆಗಳಿಕೆಗೂ ಸುಲಭವಾಗಿ ಮರುಳಾಗರು. ಮತದ ಹಕ್ಕು ಇರುವ ಹಿರಿಯರಿಗೂ, ಅದನ್ನು ನಾಳೆ ಪಡೆಯಲಿರುವ ಮಕ್ಕಳಿಗೂ ಇದು ಅವಶ್ಯವಾದ ಅಭ್ಯಾಸ.