ನೆಕ್ಕರ್ ಕಣಿವೆ: ಎರಡು ನಿಘಂಟುಗಳ ಊರಿನ ನದಿ

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಎರಡು ಜರ್ಮನ್ ಹೆಸರುಗಳ ಪರಿಚಯ ತಪ್ಪದೆ ಆಗುತ್ತದೆ. ಕನ್ನಡ ಮೇಷ್ಟ್ರ ಬಾಯಲ್ಲಿ ಕಿಟ್ಟೆಲ್, ಮಲಯಾಳ ಮೇಷ್ಟ್ರ ಬಾಯಲ್ಲಿ ಗುಂಡರ್ಟ್. ಒಬ್ಬರು ಕನ್ನಡಕ್ಕೆ, ಇನ್ನೊಬ್ಬರು ಮಲಯಾಳಕ್ಕೆ ನಿಘಂಟು ಕೊಟ್ಟವರು. "ಸರ್, ಇವರಿಬ್ಬರ ಊರು ಒಂದೇ ಏನು?" ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ. ಊರು ಒಂದಲ್ಲ ಎಂದು ಹೇಳಿ ಗೋಡೆಯ ನಕ್ಷೆಯ ಮುಂದೆ ಅವನನ್ನು ನಿಲ್ಲಿಸಿದೆ. ಊರು ಬೇರೆಯಾದರೂ ನದೀಪ್ರದೇಶ ಒಂದೇ ಎಂಬುದು ಅಂದು ನಮ್ಮಿಬ್ಬರಿಗೂ ಸರಿಯಾಗಿ ಕಂಡಿತು. ಆ ನದಿಯ ಹೆಸರು ನೆಕ್ಕರ್.

ಜರ್ಮನಿಯ ನೈಋತ್ಯ ಭಾಗದಲ್ಲಿ ಹರಿಯುವ ನೆಕ್ಕರ್ ಸುಮಾರು 360 ಕಿಲೋಮೀಟರು ಉದ್ದದ್ದು. ಆಲ್ಪ್ಸ್ ಪರ್ವತಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಮನದಿಯ ನೀರು ಇದಕ್ಕೆ ಬರುವುದಿಲ್ಲ. ತಗ್ಗು ಮಲೆನಾಡಿನ ಮಳೆ, ಕರಗಿದ ಚಳಿಗಾಲದ ಹಿಮ, ಸುಣ್ಣಕಲ್ಲಿನ ಒರತೆಗಳೇ ಇದರ ಬಂಡವಾಳ.

ಜೌಗಿನಲ್ಲಿ ಹುಟ್ಟು

ಶ್ವೆನ್ನಿಂಗೆನ್ ಎಂಬ ಊರಿನ ಬಳಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿ ಒಂದು ಜೌಗುನೆಲವಿದೆ. ಅಲ್ಲೇ ನೆಕ್ಕರಿನ ಹುಟ್ಟು. ಈ ಜೌಗು ಯುರೋಪಿನ ದೊಡ್ಡ ಜಲವಿಭಾಜಕದ ಮೇಲಿದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ನೆಕ್ಕರನ್ನು ಸೇರಿ, ರೈನ್ ನದಿಯ ಮೂಲಕ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಡ್ಯಾನ್ಯೂಬನ್ನು ಸೇರಿ ದೂರದ ಕಪ್ಪು ಸಮುದ್ರಕ್ಕೆ ಸಲ್ಲುತ್ತದೆ.

ಇಲ್ಲಿಂದ ನದಿ ಎಡಗಡೆಗೆ ಕಪ್ಪುಕಾಡು ಎಂದು ಹೆಸರಾದ ಬೆಟ್ಟಸಾಲನ್ನೂ ಬಲಗಡೆಗೆ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನೂ ಇಟ್ಟುಕೊಂಡು ಉತ್ತರಕ್ಕೆ ಇಳಿಯುತ್ತದೆ. ಟ್ಯೂಬಿಂಗೆನ್ ದಾಟಿ ಪ್ಲೊಖಿಂಗೆನ್ ಎಂಬಲ್ಲಿ ಮೊಣಕಾಲು ಮಡಚಿದಂತೆ ಸರಕ್ಕನೆ ವಾಯವ್ಯಕ್ಕೆ ತಿರುಗುತ್ತದೆ. ಎಸ್ಲಿಂಗೆನ್, ಸ್ಟುಟ್‌ಗಾರ್ಟ್, ಹೈಲ್‌ಬ್ರಾನ್ ಊರುಗಳನ್ನು ಹಾದು, ಓಡನ್‌ವಾಲ್ಡ್ ಗುಡ್ಡಗಳನ್ನು ಕೊರೆದು, ಹೈಡೆಲ್‌ಬರ್ಗಿನಲ್ಲಿ ಬಯಲಿಗೆ ಬಂದು, ಮಾನ್‌ಹೈಮಿನಲ್ಲಿ ರೈನ್ ನದಿಯನ್ನು ಸೇರುತ್ತದೆ.

ಈ ನೆಲದ ರಚನೆಯನ್ನು ತಿಳಿಯಲು ಮೇಜಿನ ಮೇಲೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಒಂದು ಬದಿಯನ್ನು ತುಸು ಎತ್ತಿ ನೋಡಬೇಕು. ಹಾಗೆಯೇ ಇಲ್ಲಿನ ಶಿಲಾಪದರಗಳು ವಾಲಿಕೊಂಡಿವೆ. ಅಡಿಯಲ್ಲಿ ಕೆಂಪು ಮರಳುಗಲ್ಲು, ಅದರ ಮೇಲೆ ಚಿಪ್ಪುಗಳಿಂದ ತುಂಬಿದ ಸುಣ್ಣಕಲ್ಲು, ಅದರ ಮೇಲೆ ಮೆದು ಜೇಡಿಗಲ್ಲು, ಎಲ್ಲಕ್ಕೂ ಮೇಲೆ ಆಲ್ಬಿನ ಬಿಳಿ ಸುಣ್ಣಕಲ್ಲು. ನದಿ ಯಾವ ಪದರವನ್ನು ಕೊರೆಯಿತೋ ಅದಕ್ಕೆ ತಕ್ಕಂತೆ ಕಣಿವೆಯ ರೂಪ ಬದಲಾಗಿದೆ. ಮೆದು ಕಲ್ಲಿನಲ್ಲಿ ಕಣಿವೆ ಅಗಲವಾಗಿದೆ. ಗಟ್ಟಿ ಕಲ್ಲಿನಲ್ಲಿ ಇಕ್ಕಟ್ಟಾಗಿ, ಕಡಿದಾಗಿ, ಹಾವಿನಂತೆ ಸುತ್ತಿದೆ. ಲೌಫೆನ್ ಎಂಬಲ್ಲಿ ನದಿ ತನ್ನ ಸುತ್ತನ್ನೇ ಕಡಿದುಕೊಂಡು ನೇರ ದಾರಿ ಹಿಡಿದಿದೆ. ಹಳೆಯ ಸುತ್ತು ಈಗ ಒಣನೆಲ. ಹೈಡೆಲ್‌ಬರ್ಗಿನ ಸಮೀಪದ ಮೌವರ್ ಎಂಬ ಹಳ್ಳಿಯಲ್ಲಿ ಇಂಥದೇ ಹಳೆಯ ಪಾತ್ರದ ಮರಳಿನಿಂದ 1907ರಲ್ಲಿ ಆದಿಮಾನವನ ದವಡೆಯೊಂದು ಸಿಕ್ಕಿತು. ಅದರ ವಯಸ್ಸು ಸುಮಾರು 6 ಲಕ್ಷ ವರ್ಷ.

ತುಂಡು ಭೂಮಿ, ತುಂಬಿದ ಮನೆ

ಆಲ್ಬಿನ ಮೇಲೆ ಮಳೆಯಾದರೂ ನೀರು ನಿಲ್ಲದು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಮೇಲಿನ ಹಳ್ಳಿಗಳವರು ಮಳೆನೀರಿನ ಹೊಂಡಗಳನ್ನೇ ನಂಬಿ ಬದುಕಿದವರು. ಕಣಿವೆಯಿಂದ ನೀರನ್ನು ಅಲ್ಲಿಗೆ ಎತ್ತುವ ವ್ಯವಸ್ಥೆ 1871ರಲ್ಲಷ್ಟೇ ಶುರುವಾಯಿತು. ಕಪ್ಪುಕಾಡಿನಲ್ಲಿ ಮರವಿತ್ತು, ಬೆಳೆಯ ನೆಲ ಕಡಿಮೆ. ಅಲ್ಲಿನ ಮರದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ನಾಗೋಲ್ಡ್, ಎನ್ಸ್ ಎಂಬ ಉಪನದಿಗಳಲ್ಲಿ ತೇಲಿಬಿಟ್ಟು, ನೆಕ್ಕರ್ ಮತ್ತು ರೈನ್ ಮೂಲಕ ಹಾಲೆಂಡಿನವರೆಗೆ ಮಾರುತ್ತಿದ್ದರು.

ನೆಲ ಚೆನ್ನಾಗಿದ್ದುದು ಕಣಿವೆಯ ನಡುಭಾಗದಲ್ಲಿ. ಆದರೆ ಅಲ್ಲಿ ಇನ್ನೊಂದು ಕಷ್ಟ. ತಂದೆಯ ಭೂಮಿಯನ್ನು ಎಲ್ಲ ಮಕ್ಕಳಿಗೂ ಸಮಪಾಲು ಮಾಡುವುದು ವ್ಯೂರ್ಟೆಂಬರ್ಗ್ ರಾಜ್ಯದ ಬಹುಭಾಗದ ಪದ್ಧತಿ. ಒಂದೊಂದು ತಲೆಮಾರಿಗೂ ಹೊಲ ಸೀಳಿ ಸೀಳಿ ಪಟ್ಟಿಗಳಾದವು. ನ್ಯಾಯವೇನೋ ಸರಿ, ಹೊಟ್ಟೆ ತುಂಬುವುದೆಂತು? ಹೀಗಾಗಿ ಉಳುವವನೇ ನೇಯುವವನೂ ಆದ, ಬಡಗಿಯೂ ಆದ. ಕಡಿದಾದ ಗುಡ್ಡಗಳನ್ನೂ ಬಿಡಲಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ ಎಬ್ಬಿಸಿದರು. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಆ ಕಲ್ಲುಗೋಡೆಗಳು ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಬೆಚ್ಚಗೆ ಮಾಡುತ್ತವೆ. ಎದುರಿನ ನೆರಳುಗುಡ್ಡ ಕಾಡಿಗೆ ಮೀಸಲು.

ಇಂಥ ಇಕ್ಕಟ್ಟಿನ ಬದುಕಿಗೆ 1816ರಲ್ಲಿ ದೊಡ್ಡ ಪೆಟ್ಟು ಬಿತ್ತು. ಹಿಂದಿನ ವರ್ಷ ಈಗಿನ ಇಂಡೋನೇಷ್ಯದ ತಂಬೋರಾ ಅಗ್ನಿಪರ್ವತ ಸಿಡಿದು, ಅದರ ಧೂಳು ಮತ್ತು ಅನಿಲ ಆಕಾಶವನ್ನು ಮುಸುಕಿ, ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಧಾನ್ಯ ಹಣ್ಣಾಗದೆ ಕೊಳೆಯಿತು. 1817ರಲ್ಲಿ ಸಾವಿರಾರು ಮಂದಿ ಊರು ಬಿಟ್ಟರು. ಹೈಲ್‌ಬ್ರಾನಿನಲ್ಲಿ ದೋಣಿ ಹತ್ತಲು ನಿಂತಿದ್ದವರನ್ನು "ಏಕೆ ಹೋಗುತ್ತೀರಿ?" ಎಂದು ವಿಚಾರಿಸಿ ಬರೆದುಕೊಳ್ಳಲು ಸರಕಾರ ಫ್ರೀಡ್ರಿಖ್ ಲಿಸ್ಟ್ ಎಂಬ ಅಧಿಕಾರಿಯನ್ನು ಕಳುಹಿಸಿತು. ಮುಂದೆ ಆತ ಹೆಸರಾಂತ ಅರ್ಥಶಾಸ್ತ್ರಜ್ಞನಾದ. ಮರುವರ್ಷ, 1818ರಲ್ಲಿ, ಹೋಹನ್‌ಹೈಮಿನಲ್ಲಿ ಕೃಷಿಶಾಲೆಯೊಂದು ಆರಂಭವಾಯಿತು. ಇಂದು ಅದು ವಿಶ್ವವಿದ್ಯಾಲಯ.

ನೆಲ ಸಾಲದವನಿಗೆ ಕೈಕಸುಬೇ ಆಸ್ತಿ ಎಂಬುದನ್ನು ಈ ಕಣಿವೆ ಕಲಿಸಿತು. 1885ರಲ್ಲಿ ಕಾನ್‌ಸ್ಟಾಟಿನ ತೋಟದ ಸಣ್ಣ ಕಾರ್ಯಾಗಾರದಲ್ಲಿ ಡೈಮ್ಲರ್ ಮೋಟಾರು ಜೋಡಿಸಿದ ದ್ವಿಚಕ್ರವನ್ನು ಸಿದ್ಧಪಡಿಸಿದ. 1886ರಲ್ಲಿ ಮಾನ್‌ಹೈಮಿನ ಬೆನ್ಸ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಅದೇ ವರ್ಷ ಬಾಷ್ ಸ್ಟುಟ್‌ಗಾರ್ಟಿನಲ್ಲಿ ಕಾರ್ಯಾಗಾರ ತೆರೆದ. 1891ರಲ್ಲಿ ಲೌಫೆನಿನಲ್ಲಿ ನೆಕ್ಕರ್ ನೀರಿನಿಂದ ತೆಗೆದ ವಿದ್ಯುತ್ತು ತಂತಿಯ ಮೇಲೆ 175 ಕಿಲೋಮೀಟರು ಹರಿದು ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ದೀಪ ಬೆಳಗಿತು.

ಇಂದಿನ ನದಿ

ಕೈಗಾರಿಕೆ ಬೆಳೆದಂತೆ ನದಿ ಹಳೆಯ ನದಿಯಾಗಿ ಉಳಿಯಲಿಲ್ಲ. ಮಾನ್‌ಹೈಮಿನಿಂದ ಪ್ಲೊಖಿಂಗೆನ್‌ವರೆಗಿನ 203 ಕಿಲೋಮೀಟರಿನಲ್ಲಿ 27 ಕಡೆ ಅಣೆ ಕಟ್ಟಿ, ಹಡಗನ್ನು ಏರಿಸಿ ಇಳಿಸುವ ನೀರಿನ ಕೋಣೆಗಳನ್ನು ನಿರ್ಮಿಸಿದರು. ಈ ಕೆಲಸ ಮುಗಿದದ್ದು 1968ರಲ್ಲಿ. ಸರಕು ಸಾಗಿತು ನಿಜ. ಹರಿಯುವ ನದಿ ಮಾತ್ರ ಕೆರೆಗಳ ಸಾಲಾಯಿತು. ದಡದ ನೆಕ್ಕರ್‌ವೆಸ್ಟ್‌ಹೈಮಿನಲ್ಲಿ ಹಳೆಯ ಕಲ್ಲುಕೋರೆಯೊಳಗೆ ಕಟ್ಟಿದ್ದ ಅಣುವಿದ್ಯುತ್ ಸ್ಥಾವರದ ಕೊನೆಯ ಘಟಕ 2023ರ ಏಪ್ರಿಲ್ 15ರಂದು ನಿಂತಿತು.

ಈಗ ಅಲ್ಲಿನವರ ಚಿಂತೆ ಆ ಕಲ್ಲುಗೋಡೆಗಳದ್ದು. ಮೆಟ್ಟಿಲು ತೋಟಕ್ಕೆ ಟ್ರಾಕ್ಟರು ಹತ್ತುವುದಿಲ್ಲ. ಬಯಲಿನ ತೋಟಕ್ಕಿಂತ ಹಲವು ಪಟ್ಟು ಕೈಕೆಲಸ. ದ್ರಾಕ್ಷಾರಸಕ್ಕೆ ಸಿಗುವ ಬೆಲೆ ಮಾತ್ರ ಹೆಚ್ಚಲ್ಲ. ಅಜ್ಜ ಕಟ್ಟಿದ ಗೋಡೆ ಮಳೆಗೆ ಜರಿದರೆ ಮೊಮ್ಮಗ ಕಾರ್ಖಾನೆಯ ಕೆಲಸದಲ್ಲಿರುತ್ತಾನೆ. ಒಂದು ತೋಟ ಪಾಳು ಬಿದ್ದರೆ ಮುಳ್ಳುಪೊದೆ ಬೆಳೆದು ಪಕ್ಕದ ಗೋಡೆಗೂ ಕೇಡು. ಗುಡ್ಡೆ ಕಡಿದು ತೋಟ ಮಾಡಿದ ನಮ್ಮ ಕಡೆಯ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಗುಂಡರ್ಟ್ 1814ರಲ್ಲಿ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ. ತಲಶ್ಶೇರಿಯಲ್ಲಿ ವರ್ಷಗಟ್ಟಲೆ ದುಡಿದು, 1859ರಲ್ಲಿ ಹಿಂತಿರುಗಿ, ನಾಗೋಲ್ಡ್ ದಡದ ಕಾಲ್ವ್ ಊರಿನಲ್ಲಿ ನೆಲಸಿದರು. ಅವರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆಯನ್ನು ಹೊರತಂದ ಮೋಗ್ಲಿಂಗ್ ಈ ಕಣಿವೆಯ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, 1881ರಲ್ಲಿ ಎಸ್ಲಿಂಗೆನಿನಲ್ಲಿ ತೀರಿಕೊಂಡರು. ಕಿಟ್ಟೆಲ್ ಹುಟ್ಟಿದ್ದು ದೂರದ ಉತ್ತರ ಕರಾವಳಿಯಲ್ಲಿ. ಆದರೆ 1892ರಲ್ಲಿ ಭಾರತ ಬಿಟ್ಟ ಮೇಲೆ ಟ್ಯೂಬಿಂಗೆನಿನಲ್ಲಿ ನಿಂತರು. ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಾಗ ಅವರು ಅಲ್ಲಿದ್ದರು; 1903ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು.

ಹುಡುಗ ನಕ್ಷೆಯ ಮೇಲೆ ಬೆರಳಿಟ್ಟು ಕಾಲ್ವಿನಿಂದ ಇಳಿದ. ನಾಗೋಲ್ಡ್ ನೀರು ಎನ್ಸ್ ನದಿಗೆ, ಎನ್ಸ್ ನೀರು ಬೆಸಿಗ್‌ಹೈಮ್ ಎಂಬ ಊರಿನಲ್ಲಿ ನೆಕ್ಕರಿಗೆ. ಟ್ಯೂಬಿಂಗೆನಿನಿಂದ ಬರುವ ನೀರೂ ಅದೇ. "ಹಾಗಾದರೆ ಇಲ್ಲಿ ಸೇರುತ್ತದೆ, ಸರ್" ಎಂದ. ಹೌದು, ಕಿಟ್ಟೆಲರ ಊರಿನ ನೀರೂ ಗುಂಡರ್ಟರ ಊರಿನ ನೀರೂ ಅಲ್ಲಿ ಸೇರಿ ಮುಂದೆ ಒಂದೇ ನದಿಯಾಗಿ ಹೋಗುತ್ತವೆ.